ಜೀನ್ ಬಾಯಿ ಮುಚ್ಚಿಸುವ ಪಾಠ

ಯೀಸ್ಟ್ ಪಾಠ ಶುರು ಮಾಡಿದಾಗಿನಿಂದ ನನಗೆ ಒಂದಲ್ಲ ಒಂದು ಫಜೀತಿ ಆಗುತ್ತಲೇ ಇದೆ. ನಾನು ಕುಮಟೆಯ ಒಂದು ಕಾಲೇಜಿನ ಬಯೋಟೆಕ್ ಮೇಡಂ. ಮಕ್ಕಳು ಸಾಲದು, ವಿಭಾಗ ಮುಚ್ಚುತ್ತೇವೆ ಅಂತ ಮೇಲಿನವರು ಈ ವರ್ಷ ಹೆದರಿಸಿದ್ದರು. ಮುಚ್ಚಿದರೆ ನನ್ನ ಕೆಲಸವೂ ಹೋದ ಹಾಗೆಯೇ. ಹಾಗಾಗಿ ಸಿಕ್ಕಿದವರಿಗೆಲ್ಲ ಪಾಠ ಹೇಳುವ ಹುಚ್ಚು ಹಿಡಿಯಿತು.

೧. ಭಟ್ಕಳದ ಟೋಪಿ

ಗಲ್ಫಿನಿಂದ ರಜೆಗೆ ಬಂದಿದ್ದ ಒಬ್ಬರು, ಮಗಳನ್ನು ಸೇರಿಸುವ ಮೊದಲು ನನ್ನನ್ನು ಮನೆಗೆ ಕರೆಸಿ, ನೀವು ಕಲಿಸುವುದು ಎಂತ ಅಂತ ಕೇಳಿದರು. ಯೀಸ್ಟಿನಿಂದ ಮನುಷ್ಯನವರೆಗೆ ಒಂದೇ ಉಪಾಯ, ಜೀನ್ ಎಲ್ಲ ಇದ್ದೇ ಇರುತ್ತದೆ, ಬೇಡದ್ದನ್ನು ಪ್ರೋಟೀನ್‌ಗಳು ಬಿಗಿಯಾಗಿ ಸುತ್ತಿ ಸುಮ್ಮನಾಗಿಸುತ್ತವೆ ಅಂದೆ. ಅವರು ಟೋಪಿ ತೆಗೆದು ಬೋಳು ತಲೆ ಸವರಿಕೊಂಡು, ಕೂದಲಿನ ಜೀನೂ ಇದೆಯಾ ಅಂದರು. ಇದೆ ಅಂದೆ. ಅಡುಗೆಮನೆ ಕಡೆ ತಿರುಗಿ ಹೆಂಡತಿಗೆ ತಮ್ಮ ನವಾಯತಿ ಭಾಷೆಯಲ್ಲಿ ಏನೋ ಕೂಗಿದರು. ಮಗಳು ನಗು ತಡೆಯಲಾರದೆ ಕನ್ನಡದಲ್ಲಿ ಹೇಳಿದಳು: "ಕೂದಲು ಹೋಗಿಲ್ಲವಂತೆ, ಒಳಗೇ ಇದೆಯಂತೆ ಅಂತಿದ್ದಾರೆ."

ಅವಳು ಮರುದಿನವೇ ಸೇರಿದಳು.

೨. ಕಾಸರಕೋಡಿನ ಉತ್ತರ

ಹೊನ್ನಾವರ ಕಡೆಯಿಂದ ಬರುವ ಮೀನುಗಾರರ ಮಕ್ಕಳಿಗೆ ಅವರದೇ ಉದಾಹರಣೆ ಕೊಟ್ಟೆ. ಮಳೆಗಾಲದಲ್ಲಿ ದೋಣಿ ದಡಕ್ಕೆಳೆದು ತೆಂಗಿನ ಮಡಲು ಹೊದಿಸುವುದಿಲ್ಲವೇ, ದೋಣಿ ಕೆಟ್ಟಿಲ್ಲ, ಆದರೆ ನೀರಿಗಿಳಿಯದು, ಜೀನೂ ಹಾಗೆಯೇ ಅಂದೆ. ಪರೀಕ್ಷೆಯಲ್ಲಿ ಅಲ್ಲೇ ಪಕ್ಕದ ಕಾಸರಕೋಡಿನವನೊಬ್ಬ ಬರೆದಿದ್ದ: "ಮಳೆಗಾಲದಲ್ಲಿ ಜೀನ್‌ಗಳಿಗೆ ಮಡಲು ಹೊದಿಸುತ್ತಾರೆ. ಆಮೇಲೆ ಎಣ್ಣೆ ಹಚ್ಚಿ ನೀರಿಗೆ ಬಿಡುತ್ತಾರೆ."

ಉದಾಹರಣೆ ನನ್ನದೇ, ಯಾರಿಗೆ ಬೈಯಲಿ? ಅರ್ಧ ಅಂಕ ಕೊಟ್ಟೆ.

೩. ಅಟೆಂಡರ್ ಭಕ್ತಿ

ವಿಭಾಗ ಉಳಿಸುವುದೋ ಬಿಡುವುದೋ ಅಂತ ನೋಡಲು ದೊಡ್ಡ ಪ್ರೊಫೆಸರೊಬ್ಬರು ಬಂದದ್ದು, ಕಾಲೇಜಿನಲ್ಲಿ ಆಯುಧ ಪೂಜೆ ಇಟ್ಟ ದಿನವೇ. ಅವರಿಗೆ ತೋರಿಸಲೆಂದು ಗಾಜಿನ ತಟ್ಟೆಗಳಲ್ಲಿ ಯೀಸ್ಟ್ ಬೆಳೆಸಿದ್ದೆ. ಜೀನ್ ಸುಮ್ಮನಾದಲ್ಲಿ ಯೀಸ್ಟ್ ಕೆಂಪು, ಉಳಿದಲ್ಲಿ ಬಿಳಿ. ಬಿಳಿಯ ನಡುವೆ ಅಲ್ಲಲ್ಲಿ ಕೆಂಪು ಕಾಣಬೇಕಿತ್ತು.

ನೋಡಿದರೆ ಎಲ್ಲ ತಟ್ಟೆಯೂ ಕೆಂಪೋ ಕೆಂಪು. ಇಷ್ಟೂ ಜೀನನ್ನು ಸುಮ್ಮನಾಗಿಸಿದ ಪ್ರೋಟೀನ್ ಯಾವುದು ಅಂತ ಪ್ರೊಫೆಸರ್ ಕನ್ನಡಕ ಏರಿಸಿದರು. ಹಿಂದಿನಿಂದ ನಮ್ಮ ಅಟೆಂಡರ್, "ಅದು ಕುಂಕುಮ ಸರ್, ನಾನೇ ಹಚ್ಚಿದ್ದು" ಅಂದರು. ಮೈಕ್ರೋಸ್ಕೋಪಿನ ಪೂಜೆ ಮುಗಿಸಿ ತಟ್ಟೆಗಳದ್ದೂ ಮುಗಿಸಿದ್ದರಂತೆ. ಮುಚ್ಚಳದ ಮೇಲೆ ಹಚ್ಚಿದ್ದರೆ ಆಗುತ್ತಿರಲಿಲ್ಲವಾ ಅಂತ ಹಲ್ಲು ಕಚ್ಚಿ ಕೇಳಿದೆ.

"ಮುಚ್ಚಳಕ್ಕೆ ಹಚ್ಚಿದ್ರೆ ಪೂಜೆ ಮುಚ್ಚಳಕ್ಕೆ ಆಗ್ತದೆ ಮೇಡಂ. ಕೆಲಸ ಮಾಡೂದು ಒಳಗಿದ್ದದ್ದಲ್ವಾ?"

ಪ್ರೊಫೆಸರ್ ಸ್ಟೂಲಿನ ಮೇಲೆ ಕುಸಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನನಗೋ ವಿಭಾಗ ಹೋಯಿತಲ್ಲ ಅಂತ ಅಳುವೇ ಬಂತು. ಅವರು ಕನ್ನಡಕ ಒರೆಸಿಕೊಂಡು ಎದ್ದು, ಅಟೆಂಡರ್ ಹೆಗಲ ಮೇಲೆ ಕೈಯಿಟ್ಟು, "ಮುಂದಿನ ವರ್ಷ ಮುಚ್ಚಳಕ್ಕೇ ಹಚ್ಚಿ ಮಾರಾಯ್ರೇ" ಅಂದರು.

ಮುಂದಿನ ವರ್ಷ ಅಂದದ್ದು ಕಿವಿಗೆ ಬಿದ್ದದ್ದೇ ತಡ, ತಟ್ಟೆಯಲ್ಲಿದ್ದ ಕುಂಕುಮವನ್ನೇ ತೆಗೆದು ಹಣೆಗೆ ಹಚ್ಚಿಕೊಂಡೆ, ಯೀಸ್ಟ್ ಸಮೇತ.