ದಿಂಬಿನೊಳಗಿನ ಮೊಳೆ ಮತ್ತು ಒಬ್ಬ ಫಿಸಿಕ್ಸ್ ಮೇಡಂ

ಶುಕ್ರವಾರ ರಾತ್ರಿ ಒಂಬತ್ತು ಗಂಟೆ ನಲವತ್ತೆರಡು ನಿಮಿಷಕ್ಕೆ, ಹ್ಯೂಸ್ಟನ್ನಿನ ಒಂದು ಸಂಶೋಧನಾ ಕೇಂದ್ರದಲ್ಲಿ, ನನ್ನ ಕೈಯಲ್ಲಿದ್ದ ದಿಂಬು ನನ್ನನ್ನು ಬಿಟ್ಟು ಹೊರಡಲು ನೋಡಿತು. ಓದಿದವರಿಗೆ ಮೂಢನಂಬಿಕೆ ಇರುವುದಿಲ್ಲ ಎಂದು ನಂಬುವುದೇ ದೊಡ್ಡ ಮೂಢನಂಬಿಕೆ ಎಂಬುದು ಅಂದಿನಿಂದ ನನ್ನ ಅಭಿಪ್ರಾಯ. ನಮಗೂ ಅದು ಇರುತ್ತದೆ. ನಾವು ಅದನ್ನು ಮೊದಲು ಒಂದು ಪ್ರಯೋಗ ಮಾಡಿ, ಖಾತ್ರಿಪಡಿಸಿಕೊಂಡು ಆಮೇಲೆ ಆಚರಿಸುತ್ತೇವೆ, ಅಷ್ಟೆ. ನಾನು ಧಾರವಾಡದ ಕಾಲೇಜೊಂದರಲ್ಲಿ ಇಪ್ಪತ್ತೊಂಬತ್ತು ವರ್ಷ ಫಿಸಿಕ್ಸ್ ಕಲಿಸಿದವಳು. ಅಯಸ್ಕಾಂತದ ಪಾಠವನ್ನಂತೂ ಬೇರೆಯವರಿಗೆ ಬಿಟ್ಟುಕೊಟ್ಟವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನೀವೇ ಕಂಡುಹಿಡಿದರೆ ಇನ್ನೂ ಅವಮಾನ.

ನನ್ನ ಮಗಳು ವಿದ್ಯಾ ಡಲ್ಲಾಸಿನ ಪಕ್ಕದ ಇರ್ವಿಂಗಿನಲ್ಲಿ ಹಲ್ಲಿನ ಡಾಕ್ಟರು. ಅಳಿಯ ಪ್ರಸಾದ್ ಮೈಸೂರಿನವರು; ಕೆಲಸ ಆಸ್ಟಿನ್ನಿನಲ್ಲಿ, ಆದ್ದರಿಂದ ವಾರಕ್ಕೆ ನಾಲ್ಕು ದಿನ ಅಲ್ಲಿಯೇ ಒಂದು ಬಾಡಿಗೆ ಕೋಣೆಯಲ್ಲಿ ವಾಸ. ನಿವೃತ್ತಳಾದ ನಾನು ವಿದ್ಯಾಳ ಮನೆಯಲ್ಲೇ ಇದ್ದೆ. ಮೊಮ್ಮಗಳು ನಿಧಿಗೆ ಆಗ ಮೂರೂವರೆ ವರ್ಷ; ಅವಳ ಹಾಸಿಗೆ ನನ್ನ ಕೋಣೆಯಲ್ಲಿ. ಆಟಿಸಂ ಎಂದು ಹಿಂದಿನ ವರ್ಷವೇ ಹೇಳಿದ್ದರು. ಮಾತು ಬಂದಿರಲಿಲ್ಲ. ಕರೆದರೆ ತಿರುಗುವುದು ಅವಳ ಇಷ್ಟ. ಅಡಿಗೆಮನೆಯ ಚಮಚಗಳನ್ನೆಲ್ಲ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸುತ್ತಿದ್ದಳು, ನನ್ನ ಲ್ಯಾಬಿನ ಅಟೆಂಡರ್ ಎಂದೂ ಇಡದಷ್ಟು ಒಪ್ಪವಾಗಿ. ದೇವಸ್ಥಾನದಲ್ಲಿ ಸಿಗುವ ಆಂಟಿಯರು, “ನಮ್ಮ ಹುಡುಗನೂ ನಾಲ್ಕು ವರ್ಷಕ್ಕೇ ಮಾತಾಡಿದ್ದು, ಈಗ ನೋಡಿ, ಬಾಯಿ ಮುಚ್ಚಿಸೋಕಾಗಲ್ಲ” ಎನ್ನುತ್ತಿದ್ದರು. ಅದಕ್ಕೆಲ್ಲ ನಾವು ಒಗ್ಗಿಕೊಂಡಿದ್ದೆವು. ಒಗ್ಗದೆ ಹೋದದ್ದು ಒಂದೇ, ನಿದ್ದೆ. ನಿಧಿ ಎರಡು ಗಂಟೆ ಮಲಗಿದರೆ ಮೂರು ಗಂಟೆ ಎದ್ದಿರುವಳು. ನಡುನಡುವೆ ಬೆಚ್ಚಿ ಚೀರುವಳು. ವಿದ್ಯಾ ಬೆಳಿಗ್ಗೆ ಕ್ಲಿನಿಕ್ಕಿಗೆ ಹೊರಟಾಗ ರೋಗಿಗಿಂತ ಮೊದಲು ಅವಳೇ ಆ ಕುರ್ಚಿಯಲ್ಲಿ ಒರಗಿಬಿಟ್ಟಾಳು ಎಂದು ನನಗೆ ಭಯವಾಗುತ್ತಿತ್ತು.

ಕೂಸು ಬೆಚ್ಚಿಬೀಳಬಾರದೆಂದು ತಲೆದೆಸೆಯಲ್ಲಿ ಕಬ್ಬಿಣ ಇಡುವುದು ನಮ್ಮ ಕಡೆಯ ಪದ್ಧತಿ. ಚಾಕು, ಕತ್ತರಿ ಇಟ್ಟರೆ ಈ ಮನೆಯಲ್ಲಿ ರಂಪವಾದೀತು. ಅದಕ್ಕೇ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಎರಡಿಂಚಿನ ಒಂದು ಮೊಳೆ ಕೇಳಿದೆ. ಅಂಗಡಿಯ ಅಜ್ಜ, “ಏನು ತೂಗುಹಾಕಬೇಕು, ಮ್ಯಾಮ್?” ಎಂದ. ನಿದ್ದೆ ಎನ್ನಲಾಗದೆ ಫೋಟೋ ಎಂದೆ. ಮನೆಗೆ ಬಂದವಳಿಗೆ, ಇದು ಅಪ್ಪಟ ಕಬ್ಬಿಣವೋ ಅಥವಾ ಮತ್ತೇನಾದರೂ ಮಿಶ್ರಲೋಹವೋ ಎಂಬ ಸಂಶಯ ಬಂತು. ವಿಜ್ಞಾನದ ವಿದ್ಯಾರ್ಥಿ ನೋಡಿ! ಫ್ರಿಜ್ಜಿನ ಬಾಗಿಲಿಗೆ ಅಂಟಿದ್ದ ಬೂಟಿನಾಕಾರದ ಮ್ಯಾಗ್ನೆಟ್ ತೆಗೆದು ಹಿಡಿದೆ. ಮೊಳೆ ಟಕ್ಕೆಂದು ಹಾರಿ ಅಂಟಿಕೊಂಡಿತು. ಪರಮ ಸಮಾಧಾನವಾಗಿ, ಅದನ್ನು ಅರಳೆಯಲ್ಲಿ ಸುತ್ತಿ, ನಿಧಿಯ ದಿಂಬಿನೊಳಗಿಟ್ಟು, ಎರಡೆಳೆ ದಾರದಿಂದ ಬಿಗಿಯಾಗಿ ಹೊಲಿದೆ. ಯಾರಿಗೂ ಹೇಳಲಿಲ್ಲ.

ಅದಾಗಿ ಮೂರು ವಾರಕ್ಕೆ ಸ್ಕ್ಯಾನಿನ ದಿನ ಬಂತು. ಪುಟ್ಟ ಮಕ್ಕಳ ಮೆದುಳು ಹೇಗೆ ಬೆಳೆಯುತ್ತದೆ, ಆಟಿಸಂ ಇರುವ ಮಕ್ಕಳಲ್ಲಿ ಅದರ ದಾರಿ ಎಲ್ಲಿ ಬೇರೆಯಾಗುತ್ತದೆ ಎಂದು ತಿಳಿಯಲು ಎಂಆರ್‌ಐ ಚಿತ್ರ ತೆಗೆಯುವ ಒಂದು ಅಧ್ಯಯನಕ್ಕೆ ವಿದ್ಯಾ ಹೆಸರು ಕೊಟ್ಟಿದ್ದಳು. ಔಷಧ ಕೊಟ್ಟು ಮಲಗಿಸುವುದಿಲ್ಲ. ಮಗು ತಾನಾಗಿ ನಿದ್ದೆ ಹೋದ ಮೇಲೆ ಯಂತ್ರದೊಳಗೆ ಸರಿಸಬೇಕು, ಅದರ ಗದ್ದಲದಲ್ಲೂ ಮಗು ಅಲುಗಾಡದೆ ಮಲಗಿರಬೇಕು. ಪ್ರತಿ ಮಗುವಿಗೆ ಎರಡೇ ಅವಕಾಶ. ನಮ್ಮ ನಿಧಿಗೆ ಇದು, ಈಜು ಬಾರದವರನ್ನು ಸಮುದ್ರ ದಾಟಿ ಎಂದಂತೆ. ಆದರೂ ಆ ರಾತ್ರಿ ಪಕ್ಕದ ಮಲಗುವ ಕೋಣೆಯಲ್ಲಿ ಅವಳು ನಿದ್ದೆ ಹೋದಳು. ಮಗುವಿನ ಮೈಮೇಲಿನ ಲೋಹವನ್ನೆಲ್ಲ ತೆಗೆಸಿದ್ದರು, ಹೊದಿಕೆಯನ್ನು ತಡವಿ ನೋಡಿದ್ದರು. ಮನೆಯ ದಿಂಬು ಈ ಕೋಣೆಯಲ್ಲೇ ಇರಲಿ, ಅಜ್ಜಿ ಯಂತ್ರದ ಕೋಣೆಯ ಮುಂದೆ ನೆಲಕ್ಕೆ ಎಳೆದ ಕೆಂಪು ಗೆರೆಯ ಆಚೆ ಕೂತಿರಲಿ ಎಂದು ಸ್ಪಷ್ಟವಾಗಿ ಹೇಳಿದ್ದರು. ನಾನೂ ತಲೆಯಾಡಿಸಿದ್ದೆ.

ನಿಧಿಯನ್ನು ಯಂತ್ರದ ಬಾಯಿಯ ಹತ್ತಿರ ಮಲಗಿಸಿ, ಡೆನಿಸ್ ಎಂಬ ಟೆಕ್ನಾಲಜಿಸ್ಟ್ ಹೆಂಗಸು ಅವಳ ಕಿವಿ ಮುಚ್ಚುತ್ತಿದ್ದಳು. ಬಾಗಿಲು ಇನ್ನೂ ತೆರೆದಿತ್ತು. ಮಗು ಮುಲುಗಿತು. ಕೈ ಏನನ್ನೋ ಹುಡುಕಿತು. ದಿಂಬು! ಎದ್ದುಬಿಟ್ಟರೆ ಮುಗಿಯಿತು! ಮುಂದಿನದು ನನ್ನ ಕಾಲಿನ ತೀರ್ಮಾನ, ತಲೆಯದಲ್ಲ. ದಿಂಬನ್ನು ಎತ್ತಿಕೊಂಡು ಗೆರೆ ದಾಟಿ ನೇರವಾಗಿ ಅವಳ ತಲೆಯ ಹತ್ತಿರ ಹೋದೆ. ಆಗ ದಿಂಬು ಜಗ್ಗಿತು. ಹಗ್ಗ ಕಟ್ಟಿದ ಕರು ತಾಯಿಯನ್ನು ಕಂಡಾಗ ಜಗ್ಗುತ್ತದಲ್ಲ, ಹಾಗೆ. ಬಟ್ಟೆಯ ಒಂದು ಮೂಲೆ ಚೂಪಾಗಿ ಎದ್ದುನಿಂತು ಯಂತ್ರದ ಕಡೆಗೆ, ಅಂದರೆ ನಿಧಿಯ ತಲೆಯ ಕಡೆಗೆ, ಬೆರಳು ಮಾಡಿತು. ನನಗೆ ಒಂದೇ ಕ್ಷಣದಲ್ಲಿ ಇಪ್ಪತ್ತೊಂಬತ್ತು ವರ್ಷದ ಪಾಠ ನೆನಪಾಯಿತು: ಆ ಯಂತ್ರವೇ ಒಂದು ದೈತ್ಯ ಅಯಸ್ಕಾಂತ, ನನ್ನ ದಿಂಬಿನೊಳಗೆ ಕಬ್ಬಿಣ. ಡೆನಿಸ್ ಹಿಂದಿನಿಂದ ನನ್ನನ್ನೂ ದಿಂಬನ್ನೂ ಒಟ್ಟಿಗೆ ತಬ್ಬಿ, ಮೂಟೆಯಂತೆ ಹೊರಗೆ ಎಳೆದು ತಂದಳು. ನಿಧಿ ಎದ್ದು ಚೀರಿದಳು. ಸ್ಕ್ಯಾನು ಅಲ್ಲಿಗೆ ಮುಗಿಯಿತು.

ಹೊರಗೆ ಹೊಲಿಗೆ ಬಿಚ್ಚಿದಾಗ ವಿದ್ಯಾ ಕೈಯಲ್ಲಿ ಹಿಡಿದು ಕೇಳಿದಳು:

“ಅವ್ವಾ, ಇದೇನು?”

“ಮೊಳಿ.”

“ಮೊಳಿ ಅಂತ ನಂಗೂ ಕಾಣಸ್ತದ. ದಿಂಬಿನಾಗ ಯಾಕದ?”

“ಕೂಸು ಬೆಚ್ಚಬಾರದಂತ...”

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಪ್ರಸಾದ್ ಮಾತ್ರ, “ಬಿಡಿ ಅತ್ತೆ, ಏನೂ ಆಗಲಿಲ್ಲವಲ್ಲ” ಎಂದು ನೀರು ತಂದುಕೊಟ್ಟರು. ಆ ರಾತ್ರಿ ಹ್ಯೂಸ್ಟನ್ನಿನ ಪಕ್ಕದ ಕ್ಲಿಯರ್ ಲೇಕ್ ಬಡಾವಣೆಯಲ್ಲಿ ನನ್ನ ತಮ್ಮ ಶ್ರೀಪಾದನ ಮನೆಯಲ್ಲಿ ಉಳಿದೆವು. ಅವನು ರಾಕೆಟ್ಟಿನ ಲೆಕ್ಕ ಮಾಡುವ ಇಂಜಿನಿಯರ್. ಬೆಳಿಗ್ಗೆ ಚಹಾ ಕೊಡುತ್ತಾ, “ಅಕ್ಕಾ, ನೀ ಫಿಸಿಕ್ಸ್ ಕಲಿಸಿದ ಹುಡುಗ್ರೆಲ್ಲಾ ಈಗ ಎಲ್ಲೆಲ್ಲಿ ಅದಾರ, ಒಂದ್ ಪಟ್ಟಿ ಕೊಡು. ಅವ್ರು ಕಟ್ಟಿದ ಬ್ರಿಜ್ ಮ್ಯಾಲೆ ನಾ ಕಾರ್ ಹೊಡ್ಯೂದಿಲ್ಲ” ಎಂದ. ನಗಲು ಹೋದೆ, ಅಳು ಬಂತು. ಹೊಲಿಗೆ ಬಿಟ್ಟಿದ್ದರೆ? ಒಂದೇ ಎಳೆ ದಾರ ಹಾಕಿದ್ದರೆ? ಈಗಲೂ ಪಾತ್ರೆ ತೊಳೆಯುವಾಗ ಆ ದಿಂಬಿನ ಮೂಲೆ ಎದ್ದುನಿಲ್ಲುತ್ತದೆ. ನನ್ನ ವಂಶವನ್ನು ಅಂದು ಕಾಪಾಡಿದ್ದು ನನ್ನ ಎಂಎಸ್ಸಿ ಅಲ್ಲ, ಏಳನೇ ಇಯತ್ತೆಯಲ್ಲಿ ನನಗೆ ಹೊಲಿಗೆ ಕಲಿಸಿದ ಬಾಯಿಯವರು.

ಇರ್ವಿಂಗಿಗೆ ಮರಳಿದ ದಿನವೇ ನನ್ನ ಕೋಣೆಯಲ್ಲಿದ್ದ ನಿಧಿಯ ಹಾಸಿಗೆ ವಿದ್ಯಾಳ ಕೋಣೆಗೆ ಹೋಯಿತು. “ಸ್ವಲ್ಪ ದಿನ ನನ್ನ ಹಂತೇಕನ ಮಲಗ್ಲಿ, ಅವ್ವಾ” ಎಂದಳು. ನ್ಯಾಯವೇ. ಆದರೆ ಇನ್ನೊಂದು ಅವಕಾಶ ಉಳಿದಿತ್ತು, ಆರು ವಾರದ ನಂತರ. ಅಷ್ಟರಲ್ಲಿ ಈ ಮಗುವನ್ನು ಆ ಗದ್ದಲದಲ್ಲಿ ಮಲಗಿಸಿಯೇ ತೀರುತ್ತೇನೆಂದು ಹಟ ಹಿಡಿದೆ. ಯಂತ್ರದ ಸದ್ದಿನ ರೆಕಾರ್ಡಿಂಗನ್ನು ಕೇಂದ್ರದವರೇ ಕೊಟ್ಟಿದ್ದರು. ದಿನವೂ ಸಂಜೆ ಮೆಲ್ಲಗೆ, ಆಮೇಲೆ ಜೋರಾಗಿ ಹಾಕಿದೆ. ಆಸ್ಟಿನ್ನಿನಿಂದ ಫೋನು ಮಾಡಿದ ಪ್ರಸಾದ್, “ಅತ್ತೆ, ವಾಷಿಂಗ್ ಮೆಷಿನ್ ಕೆಟ್ಟೋಗಿದ್ಯಾ?” ಎಂದು ಗಾಬರಿಯಾದರು. ನನಗಂತೂ ಹಿಟ್ಟಿನ ಗಿರಣಿಯೊಳಗೆ ಸಂಸಾರ ಹೂಡಿದಂತಾಗಿತ್ತು. ಆದರೆ ನಿಧಿ ಆ ಗಡಗಡಕ್ಕೆ ತಲೆದೂಗುತ್ತಾ ಕಣ್ಣು ಮುಚ್ಚುತ್ತಿದ್ದಳು! ಒಂದೇ ಸಮನೆ ಬರುವ ದೊಡ್ಡ ಸದ್ದು ಅವಳಿಗೆ ಹಿತ. ಬೆಚ್ಚಿಸುತ್ತಿದ್ದುದು ಸಣ್ಣ, ಹಠಾತ್ ಸದ್ದು. ಉದಾಹರಣೆಗೆ, ಮೊಳೆ ಕೆಲಸ ಮಾಡುತ್ತಿದೆಯೇ ಎಂದು ನೋಡಲು ಗಂಟೆಗೊಮ್ಮೆ ಎದ್ದು, ಮಂಚ ಕಿರ್ ಎನ್ನಿಸಿ, ಅವಳ ಮೇಲೆ ಬಗ್ಗುತ್ತಿದ್ದ ಅಜ್ಜಿಯ ಸದ್ದು.

ಎರಡನೇ ಸಲ ನಾನು ಕಾರಿಡಾರಿನ ತುದಿಯ ಕುರ್ಚಿಯಲ್ಲಿ ಕೂತೆ, ಸೀರೆಯ ಪಿನ್ನು ಕೂಡ ಇಲ್ಲದೆ. ನಿಧಿ ಇಡೀ ಐವತ್ತು ನಿಮಿಷ ಮಲಗಿದ್ದಳು. ಆಮೇಲೆ ಅಲ್ಲಿಯ ಡಾಕ್ಟರು ಒಂದು ಚಿತ್ರ ತೋರಿಸಿದರು; ಅರ್ಧಕ್ಕೆ ಕೊಯ್ದ ಹೂಕೋಸಿನಂತಿತ್ತು. ನಾನು ತಡೆಯಲಾರದೆ, “ಇದರಲ್ಲಿ ಆಟಿಸಂ ಎಲ್ಲಿದೆ?” ಎಂದು ಕೇಳಿದೆ. ಒಂದು ಮಗುವಿನ ಚಿತ್ರದಲ್ಲಿ ಬೆರಳಿಟ್ಟು ತೋರಿಸಲು ಬರುವುದಿಲ್ಲ, ಬಹಳ ಮಕ್ಕಳ ಚಿತ್ರಗಳನ್ನು ಒಟ್ಟಿಗಿಟ್ಟರೆ ಏನಾದರೂ ತಿಳಿದೀತು, ಮುಂದೆ ಹುಟ್ಟುವ ಮಕ್ಕಳಿಗೆ ಬೇಗ ನೆರವು ಸಿಕ್ಕೀತು ಎಂದರು. ವಿದ್ಯಾಳಿಗೆ ಇದು ಮೊದಲೇ ಗೊತ್ತಿತ್ತು. ಒಂದೇ ರೀಡಿಂಗಿನಿಂದ ತೀರ್ಮಾನಕ್ಕೆ ಬರಬೇಡಿ ಎಂದು ವರ್ಷಗಟ್ಟಲೆ ಹುಡುಗರನ್ನು ಬೈದ ನನಗೇ ಗೊತ್ತಿರಲಿಲ್ಲ.

ಅದಾದ ಎರಡನೇ ಭಾನುವಾರ ಸಂಜೆ ವಿದ್ಯಾ ನಿಧಿಯನ್ನು ಎತ್ತಿಕೊಂಡು ನನ್ನ ಕೋಣೆಗೆ ಬಂದಳು. “ಅವ್ವಾ, ಇವತ್ತ ನಿನ್ನ ಹಂತೇಕ ಮಲಗ್ಲಿ. ಆದ್ರ ಎದ್ದೆದ್ದು ನೋಡಬ್ಯಾಡ” ಎಂದು ಮಗುವನ್ನು ನನ್ನ ಪಕ್ಕದಲ್ಲಿ ಮಲಗಿಸಿದಳು. ತಲೆಯಾಡಿಸಿದೆ. ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬಿಸಿಲು. ನಿಧಿ ನನ್ನ ತೋಳಿನ ಮೇಲೆ ಕಾಲು ಹಾಕಿ ಮಲಗಿದ್ದಳು. ಹೊರಗೆ ಬಂದರೆ ವಿದ್ಯಾ, ಪ್ರಸಾದ್ ಇಬ್ಬರೂ ಆಗತಾನೇ ಎದ್ದು, ಕೆದರಿದ ತಲೆಯಲ್ಲಿ ನಿಂತಿದ್ದರು. “ರಾತ್ರಿ ಎಷ್ಟು ಸಲ ಎದ್ಲು ಅತ್ತೆ?” ಎಂದರು ಪ್ರಸಾದ್. ನಾನು ವಿದ್ಯಾಳ ಮುಖ ನೋಡಿದೆ. ಅವಳು ಗಂಡನ ಮುಖ ನೋಡಿದಳು. ಒಬ್ಬರಿಗೂ ಗೊತ್ತಿರಲಿಲ್ಲ. ಇಷ್ಟು ದೊಡ್ಡ ಫಲಿತಾಂಶ ಬಂದ ರಾತ್ರಿ, ಬರೆದಿಟ್ಟುಕೊಳ್ಳಬೇಕಾಗಿದ್ದ ವಿಜ್ಞಾನಿ ಗೊರಕೆ ಹೊಡೆಯುತ್ತಿದ್ದಳು.