ಬೆಲ್ಲ ಸಕ್ಕರೆಯಲ್ಲ ಎಂದವನು ನಾನೇ

ತಪ್ಪು ಮಾಡಲು ವಿದ್ಯೆ ಬೇಕಾಗಿಲ್ಲ. ಆದರೆ ಅದೇ ತಪ್ಪನ್ನು ಇನ್ನೊಬ್ಬರಿಗೆ ಕಲಿಸಬೇಕಾದರೆ ಅಲ್ಪಸ್ವಲ್ಪವಾದರೂ ಓದಿರಬೇಕು. ನಾನು ಓದಿದ್ದು ಎಸ್ಸೆಸ್ಸೆಲ್ಸಿಯವರೆಗೆ. ಅದಕ್ಕಿಂತ ಕಡಿಮೆ ಓದಿದ್ದರೆ ಬಾಯಿ ಮುಚ್ಚಿಕೊಂಡಿರುತ್ತಿದ್ದೆ, ಹೆಚ್ಚು ಓದಿದ್ದರೆ ನನ್ನ ಮಾತಿನ ಮೇಲೆ ನನಗೇ ಅನುಮಾನ ಬರುತ್ತಿತ್ತು. ನಡುವೆ ನಿಂತುಬಿಟ್ಟದ್ದರಿಂದ ಸಲಹೆಗಾರನಾದೆ. ಕಾರವಾರದ ಒಂದು ವಾಚನಾಲಯದಲ್ಲಿ ಸಹಾಯಕನಾಗಿದ್ದೆ. ಬೆಳಿಗ್ಗೆ ಪತ್ರಿಕೆಗಳನ್ನು ಮೇಜಿನ ಮೇಲೆ ಹರಡುವುದು, ಸಂಜೆ ಮಡಿಚಿ ಇಡುವುದು, ಇಷ್ಟೇ ಕೆಲಸ. ಹರಡುವುದಕ್ಕೂ ಮಡಿಚುವುದಕ್ಕೂ ನಡುವೆ ಇಡೀ ದಿನ ಬಿದ್ದಿರುತ್ತದಲ್ಲ, ಆ ಹೊತ್ತಿನಲ್ಲಿ ಆರೋಗ್ಯದ ಅಂಕಣಗಳನ್ನು ಓದುತ್ತಿದ್ದೆ. ನಿವೃತ್ತನಾಗುವ ಹೊತ್ತಿಗೆ ನನಗೆ ತಿಳಿಯದ ರೋಗವೇ ಇರಲಿಲ್ಲ, ಒಂದನ್ನು ಬಿಟ್ಟು. ಆ ಒಂದು ನನ್ನ ಮೈಯೊಳಗೇ ಇತ್ತು. ಕಣ್ಣಿನ ಪರೀಕ್ಷೆಗೆಂದು ಹೋದಾಗ ರಕ್ತವನ್ನೂ ನೋಡಿದರು. ಸಕ್ಕರೆ ಕಾಯಿಲೆ ಎಂದರು.

ಸಕ್ಕರೆ ಬಿಡಿ ಎಂದು ಡಾಕ್ಟರು ಹೇಳಿದರೆ ಬುದ್ಧಿವಂತ ಏನು ಮಾಡುತ್ತಾನೆ? ಸಕ್ಕರೆಯನ್ನು ಬಿಡುತ್ತಾನೆ, ಸಿಹಿಯನ್ನು ಬಿಡುವುದಿಲ್ಲ. ನಾನು ಔಷಧದ ಅಂಗಡಿಗೆ ಹೋಗಿ ಚಹಾಕ್ಕೆ ಹಾಕುವ ಸಿಹಿ ಗುಳಿಗೆಯ ಡಬ್ಬಿ ತಂದೆ. ತಲೆ ಒತ್ತಿದರೆ ಟಿಕ್ ಎಂದು ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡ ಗುಳಿಗೆಯೊಂದು ಬೀಳುತ್ತದೆ. ಅಂಗಿಯ ಕಿಸೆಯಲ್ಲಿ ಅದನ್ನಿಟ್ಟುಕೊಂಡು ಹೊಟೇಲಿಗೆ ಹೋಗಿ, "ಸಕ್ಕರೆ ಹಾಕಬೇಡ ಮಾರಾಯ" ಎಂದು ನಾಲ್ಕು ಮೇಜಿಗೆ ಕೇಳುವಂತೆ ಹೇಳಿ, ಎಲ್ಲರೂ ನೋಡುತ್ತಿರುವಾಗ ಟಿಕ್ ಎನ್ನಿಸುವುದರಲ್ಲಿ ಒಂದು ಗತ್ತಿತ್ತು. ಆ ಗತ್ತಿನ ಜೊತೆಗೆ ಒಂದು ಬನ್ಸ್ ತಿನ್ನುತ್ತಿದ್ದೆ. ಚಹಾದಲ್ಲಿ ಇಷ್ಟು ಸಕ್ಕರೆ ಉಳಿಸಿದ್ದೇನೆ, ಬಾಳೆಹಣ್ಣು ಹಾಕಿ ಕರಿದ ಒಂದು ಬನ್ಸ್ ತಿಂದರೆ ಏನಾಗುತ್ತದೆ ಎಂದು ಮನಸ್ಸು ಕೇಳುತ್ತಿತ್ತು. ಮನಸ್ಸು ಹೀಗೆ ಕೇಳಿದಾಗ ಎದುರು ಮಾತಾಡುವವನಲ್ಲ ನಾನು. ಎರಡನೆಯ ಬನ್ಸಿಗೂ ಅದೇ ಪ್ರಶ್ನೆ, ಅದೇ ವಿಧೇಯತೆ.

ನನ್ನ ಹೆಂಡತಿ ಸುಲೋಚನಾ ಹಣಕೋಣದವಳು. ಮನೆಮಾತು ಕೊಂಕಣಿ. ನನ್ನನ್ನು ಬೈಯುವಾಗ ಮಾತ್ರ, ನನಗೆ ಒಂದಕ್ಷರವೂ ತಪ್ಪದೆ ತಿಳಿಯಲಿ ಎಂದು, ಕನ್ನಡ ಬಳಸುತ್ತಾಳೆ. "ಅಹೋ, ಬಾಗಿಲಿಗೆ ಕೀಲಿ ಹಾಕಿ ಕಿಟಕಿ ತೆಗೆದಿಟ್ರೆ ಕಳ್ಳ ಬರೂದಿಲ್ವಾ?" ಎಂದು ಕೇಳಿದಳು. ವಿಜ್ಞಾನ ತಿಳಿಯದವರ ಜೊತೆ ವಾದ ಮಾಡಬಾರದು ಎಂದು ಸುಮ್ಮನಾದೆ.

ಆಮೇಲೆ ಫೋನಿಗೆ ಒಂದು ವಿಡಿಯೋ ಬಂತು. ಬಿಳಿ ಕೋಟು ತೊಟ್ಟ ಒಬ್ಬ ಮನುಷ್ಯ, ಈ ಗುಳಿಗೆಗಳೆಲ್ಲ ರಾಸಾಯನಿಕ, ವಿಷ ಎಂದು ಕೂಗುತ್ತಿದ್ದ. ಕೊನೆಯಲ್ಲಿ ತನ್ನದೇ ಕಂಪನಿಯ ಹಸಿರು ಪುಡಿಯನ್ನೂ ತೋರಿಸಿದ. ಅಷ್ಟು ಹೊತ್ತಿಗೆ ನಾನು ಡಬ್ಬಿಯನ್ನು ಕಸಕ್ಕೆ ಎಸೆದು ಬಂದಿದ್ದೆ. ಅಂದಿನಿಂದ ನನ್ನ ನೈಸರ್ಗಿಕ ಕಾಲ ಶುರುವಾಯಿತು. ಸಿಹಿ ಎಲೆಯ ಗಿಡವೊಂದನ್ನು ತಂದು ಕುಂಡದಲ್ಲಿ ನೆಟ್ಟೆ. ಅದರ ಎಲೆ ಹಾಕಿ ಕುದಿಸಿದ ಚಹಾ ಮೊದಲು ಸಿಹಿಯಾಗಿ, ನುಂಗಿದ ಮೇಲೆ ಕಹಿಯಾಗಿ, ಆಮೇಲೆ ಬಹಳ ಹೊತ್ತು ಪಶ್ಚಾತ್ತಾಪದ ರುಚಿಯಾಗಿ ಬಾಯಲ್ಲಿ ಉಳಿಯುತ್ತಿತ್ತು. ಜೇನು ತಂದೆ. ಖರ್ಜೂರ ತಂದೆ. ತೆಂಗಿನ ಹೂವಿನ ಸಕ್ಕರೆ ಎಂದು ಕಂದುಬಣ್ಣದ ಪುಡಿಯನ್ನೂ ತಂದೆ. ಕೊನೆಗೆ ಎಲ್ಲ ದಾರಿಯೂ ಎಲ್ಲಿಗೆ ಬಂದು ಮುಟ್ಟಬೇಕಿತ್ತೋ ಅಲ್ಲಿಗೆ ಮುಟ್ಟಿತು. ನಾನು ಹುಟ್ಟಿದ್ದು ಅಂಕೋಲೆಯ ಪಕ್ಕದ ಬೊಬ್ರುವಾಡದಲ್ಲಿ. ನಮ್ಮ ಕಡೆಯವನಿಗೆ ಬೆಲ್ಲವೆಂದರೆ ತಿಂಡಿಯಲ್ಲ, ಮರ್ಯಾದೆ. ಮನೆಗೆ ಯಾರೇ ಬರಲಿ, ಮೊದಲು ಒಂದು ತಂಬಿಗೆ ನೀರು, ಒಂದು ಚೂರು ಬೆಲ್ಲ, ಆಮೇಲೆ ಮಾತು. ಇಂಥ ಮರ್ಯಾದೆಯನ್ನು ಸಕ್ಕರೆಯ ಲೆಕ್ಕಕ್ಕೆ ಸೇರಿಸುವುದು ಯಾವ ನ್ಯಾಯ?

ಹೀಗಾಗಿ ಬೆಲ್ಲದ ಪರವಾಗಿ ನಾನು ಒಂದು ಭಾಷಣವನ್ನೇ ಸಿದ್ಧ ಮಾಡಿಕೊಂಡೆ. ಸಕ್ಕರೆ ಕಾರ್ಖಾನೆಯದ್ದು, ಬೆಲ್ಲ ಗದ್ದೆಯದ್ದು. ಸಕ್ಕರೆ ಬಿಳಿ, ಬೆಲ್ಲ ನಮ್ಮ ಬಣ್ಣ. ಬೆಲ್ಲದಲ್ಲಿ ಕಬ್ಬಿಣದ ಅಂಶವಿದೆ. ನಮ್ಮ ಹಿರಿಯರು ಬೆಲ್ಲ ತಿಂದೇ ಗಟ್ಟಿಮುಟ್ಟಾಗಿ ಬದುಕಿದರು. ಈ ಕೊನೆಯ ಮಾತು ಹೇಳುವಾಗ, ನಮ್ಮ ಅಪ್ಪ ಅರವತ್ತು ಕಾಣದೆ ಹೋದದ್ದನ್ನು ನಾನು ಸೇರಿಸುತ್ತಿರಲಿಲ್ಲ. ಆ ಹಿರಿಯರಿಗೆ ಸಿಗುತ್ತಿದ್ದ ಬೆಲ್ಲ ಉಗುರಿನಷ್ಟು, ಅದೂ ನೆಂಟರು ಬಂದಾಗ. ಉಳಿದ ಹೊತ್ತು ಮೊಣಕಾಲುದ್ದದ ಕೆಸರಿನಲ್ಲಿ ದುಡಿತ. ಇದನ್ನೂ ಹೇಳುತ್ತಿರಲಿಲ್ಲ. ಭಾಷಣವೆಂದ ಮೇಲೆ ಎಲ್ಲವನ್ನೂ ಹೇಳುತ್ತಾ ಕೂತರೆ ಚಪ್ಪಾಳೆ ಯಾವಾಗ ಬೀಳಬೇಕು?

ಇಷ್ಟಕ್ಕೇ ನಿಂತಿದ್ದರೆ ಕೆಡುವುದು ನನ್ನ ಮೈ ಮಾತ್ರ ಆಗಿರುತ್ತಿತ್ತು, ಇದನ್ನು ಬರೆಯುವ ಅಗತ್ಯವೂ ಬರುತ್ತಿರಲಿಲ್ಲ. ಆದರೆ ನನಗೊಬ್ಬಳು ಅಕ್ಕ ಇದ್ದಾಳೆ, ದೇವಮ್ಮ. ಬೊಬ್ರುವಾಡದಲ್ಲೇ ಮದುವೆಯಾಗಿ, ಗದ್ದೆ ಮಾಡಿಕೊಂಡು, ಅಲ್ಲೇ ಮುದುಕಿಯಾದವಳು. ಅಕ್ಷರ ಕಲಿತವಳಲ್ಲ. ನಾನು ಕಲಿತದ್ದೇ ತಾನು ಕಲಿತಂತೆ ಎಂದು ಜೀವನಪೂರ್ತಿ ಸಂತೋಷಪಟ್ಟವಳು. ಅವಳಿಗೂ ಸಕ್ಕರೆ ಕಾಯಿಲೆ ಇದೆಯೆಂದು ತಿಳಿದ ದಿನ ಫೋನು ಮಾಡಿದಳು.

"ತಮಾ, ಆಸ್ಪತ್ರೆಯೋರು ಗುಳಿಗೆ ಕೊಟ್ರು. ಸಕ್ಕರೆ ಬಿಡೂಕೆ ಹೇಳ್ರು, ಬಿಟ್ಟೆ. ಇನ್ನೆಂತಾ ಮಾಡೂದು? ನೀ ಓದ್ದವ, ನೀ ಹೇಳು."

ಆಸ್ಪತ್ರೆಯವರು ಹೇಳಿದ್ದನ್ನೇ ಮಾಡು ಎಂದು ಹೇಳಲು ಎಷ್ಟು ಹೊತ್ತು ಬೇಕಿತ್ತು? ಆದರೆ ಅಷ್ಟನ್ನೇ ಹೇಳಿದರೆ ನಾನು ಓದಿದವನಾಗಿ ಏನು ಪ್ರಯೋಜನ? ನನ್ನ ಭಾಷಣವನ್ನು ಪೂರ್ತಿ ಒಪ್ಪಿಸಿದೆ. ಬೆಲ್ಲ ಸಕ್ಕರೆಯಲ್ಲ, ಅದು ಔಷಧವಿದ್ದಂತೆ, ಮೈಗೆ ಬಲ ಎಂದೆ. ಈಗ ಕೇಳಿ, ನಮ್ಮ ಅಕ್ಕನಿಗೆ ಸಿಹಿ ಎಂದರೆ ಆಗದು. ಹಬ್ಬದಲ್ಲಿ ಅರಿಶಿನ ಎಲೆಯಲ್ಲಿ ಸಿಹಿ ಪತೋಳಿ ಬೇಯಿಸಿ ಊರಿಗೆಲ್ಲ ಹಂಚಿ, ತಾನು ಉಪ್ಪಿನಕಾಯಿ ನಂಚಿಕೊಂಡು ಗಂಜಿ ಕುಡಿಯುವ ಹೆಂಗಸು. ಅಂಥವಳು ತಮ್ಮ ಹೇಳಿದನೆಂದು ಊಟವಾದ ಮೇಲೆಲ್ಲ ಬೆಲ್ಲದ ಉಂಡೆ ನುಂಗತೊಡಗಿದಳು, ಚಹಾಕ್ಕೆ ಜೋನಿಬೆಲ್ಲ ಸುರಿಯತೊಡಗಿದಳು. ಒಮ್ಮೆ ಫೋನಿನಲ್ಲಿ, "ಗಂಟಲಲ್ಲಿ ಇಳಿಯೂದೇ ಇಲ್ಲ ತಮಾ, ಆದ್ರೂ ಕಣ್ ಮುಚ್ಕಂಡು ನುಂಗ್ತೆ. ಔಷಧಿ ಅಂದಮೇಲೆ ರುಚಿ ನೋಡೂಕಾಗ್ತದಾ?" ಎಂದಳು. ನಾನು ಶಭಾಸ್ ಎಂದೆ. ಹೌದು, ಶಭಾಸ್ ಎಂದೆ.

ಅಕ್ಕನಿಗೆ ಬದುಕಿನಲ್ಲಿ ಒಂದೇ ಒಂದು ಚಟ, ಬೆಳಚು ಎಂಬ ಚಿಪ್ಪುಮೀನು ಹೆಕ್ಕುವುದು. ನೀರು ಇಳಿದಾಗ ನಾಲ್ಕಾರು ಹೆಂಗಸರು ಸೇರಿ ಹಳ್ಳದ ಕೆಸರಿಗೆ ಇಳಿದು ಕಾಲಿನಿಂದಲೇ ತಡಕಾಡಿ ಚಿಪ್ಪು ಎತ್ತುತ್ತಾರೆ. ಬುಟ್ಟಿಯಲ್ಲಿ ಬೆಳಚು ತುಂಬುವುದಕ್ಕಿಂತ ಬೇಗ ಕಿವಿಯಲ್ಲಿ ಊರಿನ ಸುದ್ದಿ ತುಂಬುತ್ತದೆ. ಹೀಗೆ ಒಂದು ದಿನ ಒಡೆದ ಚಿಪ್ಪು ಬಲಗಾಲಿನ ಕಿರುಬೆರಳನ್ನು ಕೊಯ್ದಿತು. ಚಿಪ್ಪು ತಾಗುವುದು ಹೊಸದಲ್ಲ. ಅರಿಶಿನ ಒತ್ತಿಕೊಂಡು ಸುಮ್ಮನಾದಳು. ಗಾಯ ಸುಮ್ಮನಾಗಲಿಲ್ಲ. ಬೆರಳು ಊದಿ, ಬಣ್ಣ ಕೆಟ್ಟು, ಅಕ್ಕನಿಗೆ ನೋವೇ ಗೊತ್ತಾಗದಂತಾದ ಮೇಲೆ ಅವಳ ಸೊಸೆ ಮಂಗಲಾ ಹೆದರಿ ಕಾರವಾರಕ್ಕೆ ಕರೆತಂದಳು. ಬಸ್ ಸ್ಟ್ಯಾಂಡಿಗೆ ಹೋಗಿ ಅವರನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದವನು ನಾನೇ. ದಾರಿಯಲ್ಲಿ ಅಕ್ಕ ಕೇಳಿದ್ದು ಒಂದೇ. "ಮಳೆಗಾಲ ಮುಗಿಯೂದ್ರೊಳಗೆ ಗುಣ ಆಗ್ತದಲ್ಲಾ? ಹಳ್ಳಕ್ಕೆ ಹೋಗ್ಬೇಕು." ಆಗುತ್ತದೆ ಎಂದು ನಾನು ಓದಿದವನ ಧ್ವನಿಯಲ್ಲಿ ಹೇಳಿದೆ.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ರಕ್ತದ ವರದಿ ನೋಡಿ ಹುಬ್ಬು ಏರಿಸಿ, "ಅಜ್ಜಿ, ಸಿಹಿ ತಿಂತೀರಾ?" ಎಂದು ಕೇಳಿದರು.

"ಇಲ್ಲಾ ಡಾಕ್ಟರಬಾಯಿ. ಸಕ್ಕರೆ ಮುಟ್ಟೂದೇ ಇಲ್ಲ. ಔಷಧಿ ಮಾತ್ರ ತಕಂತೆ."

"ಗುಳಿಗೆ ಬಿಟ್ಟು ಬೇರೆ ಯಾವ ಔಷಧಿ?"

"ಬೆಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಇದನ್ನು ಯಾರು ಹೇಳಿದ್ದು ನಿಮಗೆ?"

ಅಕ್ಕ ನನ್ನ ಹೆಸರು ಮುಚ್ಚಿಡಬಹುದು ಎಂದು ಒಂದು ಕ್ಷಣ ಆಸೆಪಟ್ಟೆ. ಅವಳಿಗೆ ಮುಚ್ಚಿಡುವಂಥದ್ದು ಏನೂ ಕಾಣಲೇ ಇಲ್ಲ. ಕುತ್ತಿಗೆ ನೆಟ್ಟಗೆ ಮಾಡಿ, "ಇವ್ನೇ. ನನ್ ತಮ್ಮ. ಭಾರಿ ಓದ್ದವ" ಎಂದಳು. ಡಾಕ್ಟರು ನನ್ನನ್ನು ನೋಡಿದರು. ನಾನು ಗೋಡೆಯ ಮೇಲಿದ್ದ ಮೂತ್ರಪಿಂಡದ ಚಿತ್ರವನ್ನು ಬಹಳ ಶ್ರದ್ಧೆಯಿಂದ ನೋಡಿದೆ.

ಅಷ್ಟಾದರೂ ನನ್ನ ನಾಲಿಗೆ ಸೋಲಲಿಲ್ಲ. "ಅಲ್ಲ ಮೇಡಮ್, ಬೆಲ್ಲ ನೈಸರ್ಗಿಕ ಅಲ್ವಾ?" ಎಂದೆ.

"ನಾಗರಹಾವೂ ನೈಸರ್ಗಿಕವೇ" ಎಂದರು ಅವರು. "ಹೊಟ್ಟೆಗೆ ಹೋದ ಮೇಲೆ ಬೆಲ್ಲ ಯಾವುದು, ಸಕ್ಕರೆ ಯಾವುದು ಅಂತ ರಕ್ತ ಕೇಳೂದಿಲ್ಲ."

"ಹಾಗಾದ್ರೆ ಜೇನು?" ಅದೂ ಸಕ್ಕರೆಯೇ. "ತೆಂಗಿನ ಸಕ್ಕರೆ?" ಹೆಸರಲ್ಲೇ ಇದೆಯಲ್ಲ. "ಆ ಸಿಹಿ ಗುಳಿಗೆ?" ಅದು ರಕ್ತದ ಸಕ್ಕರೆಯನ್ನು ಹಾಗೆ ಏರಿಸುವುದಿಲ್ಲ, ಅಳತೆಯಲ್ಲಿ ಒಂದೆರಡು ಹಾಕಿಕೊಂಡರೆ ಅಡ್ಡಿಯಿಲ್ಲ, ಸಿಹಿ ಎಲೆಯ ಸತ್ವವೂ ಹಾಗೆಯೇ ಎಂದರು. "ಆದ್ರೆ ಅದು ಔಷಧವೂ ಅಲ್ಲ, ಪುಣ್ಯವೂ ಅಲ್ಲ. ಬಹಳ ವರ್ಷ ತಿಂದ್ರೆ ಏನಾಗ್ತದೆ ಅಂತ ತಿಳಿದವರೂ ಇನ್ನೂ ನೋಡ್ತಾ ಇದ್ದಾರೆ. ಎಲ್ಲದಕ್ಕೂ ಸಿಹಿ ಬೇಕು ಅನ್ನೋ ನಾಲಿಗೆಯನ್ನ ಪಳಗಿಸೋದು ಒಳ್ಳೇದು. ಮತ್ತೆ ಆ ಗುಳಿಗೆ ಹಾಕಿದ ಚಹಾದ ಜೊತೆಗೆ ನೀವು ಏನು ತಿಂತೀರಿ?" ನಾನು ಮತ್ತೆ ಮೂತ್ರಪಿಂಡದ ಕಡೆಗೆ ತಿರುಗಿದೆ.

ಕಿರುಬೆರಳು ಉಳಿಯಲಿಲ್ಲ. ಪಕ್ಕದ ಬೆರಳಿಗೆ ಹಬ್ಬುವ ಮೊದಲೇ ತೆಗೆದರು. ಇನ್ನು ಬರಿಗಾಲಲ್ಲಿ ಹಳ್ಳಕ್ಕೆ ಇಳಿಯುವ ಮಾತೇ ಇಲ್ಲ ಎಂದೂ ಹೇಳಿದರು. ಬೆರಳಿನ ಸುದ್ದಿಗೆ ಅಕ್ಕ ನಕ್ಕಳು. "ಹೋಗ್ಲಿ ಬಿಡು, ಅದ್ರಿಂದ ಎಂತಾ ಕೆಲ್ಸ ಆಗ್ತಿತ್ತು? ಹೊಸಿಲಿಗೆ ಎಡವೂಕೆ ಮಾತ್ರ ಬರ್ತಿತ್ತು." ಹಳ್ಳದ ಸುದ್ದಿಗೆ ನಗಲಿಲ್ಲ. ಸೀರೆಯ ಸೆರಗನ್ನು ಬೆರಳಿಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ ಮಾಡುತ್ತಾ ಕೂತಳು.

ಅವಳು ಮನೆಗೆ ಹೋಗಿ ಚೇತರಿಸಿಕೊಂಡ ಮೇಲೆ, ತಪ್ಪೊಪ್ಪಿಕೊಂಡು ಬರೋಣವೆಂದು ನಾನು ಬೊಬ್ರುವಾಡಕ್ಕೆ ಹೋದೆ. ಮಂಗಲಾ ತಂಬಿಗೆ ನೀರು ತಂದಿಟ್ಟಳು. ಪಕ್ಕದ ತಟ್ಟೆಯಲ್ಲಿ ಬೆಲ್ಲದ ಜಾಗದಲ್ಲಿ ಒಂದು ಸೌತೆಕಾಯಿ ಹೋಳು. ಬರಿಯ ನೀರು ಕೊಡಲು ಆ ಮನೆಗೆ ಮನಸ್ಸು ಬಂದಿರಲಿಲ್ಲ. ಹೋಳನ್ನು ಕಚ್ಚಿ, ನೀರು ಕುಡಿದು, ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತುಗಳನ್ನು ಹೊರತೆಗೆದೆ. "ಅಕ್ಕಾ, ಎಲ್ಲಾ ನನ್ನಿಂದ ಆಯ್ತು. ನಾನು ಬೆಲ್ಲ ತಿನ್ನು ಅಂತ ಹೇಳಬಾರದಿತ್ತು."

"ನೀ ಎಂತಾ ಮಾಡ್ದೆ? ಕುಯ್ದದ್ದು ಚಿಪ್ಪು" ಎಂದಳು ಅಕ್ಕ. "ನೀ ಒಳ್ಳೇದಕ್ಕೇ ಹೇಳ್ದೆ. ನನ್ ಮೈಗೆ ಹಿಡೀಲಿಲ್ಲ ಅಷ್ಟೇಯ."

ನಾನು ಮತ್ತೊಮ್ಮೆ ವಿವರಿಸಿದೆ. ಅವಳು ಮತ್ತೊಮ್ಮೆ ಚಿಪ್ಪನ್ನೇ ಬೈದಳು. ಕ್ಷಮೆ ಬೇಡಲು ಹೋದವನಿಗೆ ಕ್ಷಮೆ ಸಿಗದಿದ್ದರೆ ಕಷ್ಟ. ಆದರೆ ನೀನು ತಪ್ಪೇ ಮಾಡಿಲ್ಲ ಎಂದು ಕಳಿಸಿಬಿಟ್ಟರೆ ಆ ತಪ್ಪನ್ನು ಹೊತ್ತುಕೊಂಡು ಎಲ್ಲಿಗೆ ಹೋಗಬೇಕು? ಅದಕ್ಕೇ ಇಲ್ಲಿ, ನಿಮ್ಮ ಮುಂದೆ ಇಳಿಸುತ್ತಿದ್ದೇನೆ. ನೀವಾದರೂ ಚಿಪ್ಪನ್ನು ಬೈಯದಿದ್ದರೆ ಸಾಕು.

ಅಂದಿನಿಂದ ನಾನು ಸಿಹಿಯಿಲ್ಲದ ಚಹಾ ಕುಡಿಯುತ್ತೇನೆ. ಯಾರಿಗೂ ಸಲಹೆ ಕೊಡುವುದಿಲ್ಲ ಎಂದು ಸುಲೋಚನಾಳ ಎದುರು ಮಾತು ಕೊಟ್ಟಿದ್ದೇನೆ. "ಇದು ಎಷ್ಟು ದಿನವೋ ನೋಡ್ವಾ" ಎಂದಳು ಅವಳು. ವಿಡಿಯೋ ಬಂದರೆ ತೆರೆಯುವುದಿಲ್ಲ, ತೆರೆದರೂ ಕೊನೆಯವರೆಗೆ ನೋಡುವುದಿಲ್ಲ, ನೋಡಿದರೂ ನಂಬುವುದಿಲ್ಲ. ಮಾಂಸ ಮೀನು ಬಿಡುವುದೇ ದೊಡ್ಡ ಪಥ್ಯ ಎಂದುಕೊಂಡಿದ್ದೆ, ಅದು ಸುಲಭ. ಬಾಯಿಗೆ ಬಂದ ಸಲಹೆಯನ್ನು ನುಂಗುವುದು ಎಂಥ ಕಠಿಣ ಪಥ್ಯವೆಂದು ಈಗ ತಿಳಿಯುತ್ತಿದೆ.

ಮೊನ್ನೆ ಅಕ್ಕ ಫೋನು ಮಾಡಿದಳು. ಸಕ್ಕರೆ ಹಿಡಿತಕ್ಕೆ ಬಂದಿದೆಯಂತೆ. ಸಂತೆಯಲ್ಲಿ ಯಾರೋ ಹಸಿರು ಪುಡಿ ಮಾರುತ್ತಾರಂತೆ. ಅದನ್ನು ತಿಂದರೆ ಆಸ್ಪತ್ರೆಯ ಔಷಧ ಬೇಡವಂತೆ. "ತಕಳ್ಳಲಾ ತಮಾ? ನೀ ಹೂಂ ಅಂದ್ರೆ ತಕಂತೆ."

"ಬೇಡ ಅಕ್ಕಾ. ಔಷಧ ಬಿಡಬೇಡ. ಏನೇ ಇದ್ದರೂ ಡಾಕ್ಟರನ್ನು ಕೇಳು. ನನ್ನನ್ನು ಕೇಳಬೇಡ" ಎಂದೆ. ಹೇಳಿ ಮುಗಿಸಿದಾಗ ಎದೆಯಿಂದ ಒಂದು ಕಲ್ಲು ಇಳಿದ ಹಾಗಾಯಿತು.

ಆ ಕಡೆಯಿಂದ ಸಣ್ಣ ದನಿ ಬಂತು. "ನನ್ ಮೇಲೆ ಸಿಟ್ಟಾ ತಮಾ? ಅವತ್ತು ಡಾಕ್ಟರ ಎದುರಿಗೆ ನಿನ್ ಹೆಸರು ಹೇಳಿದ್ನಂತ ಸಿಟ್ಟಾ? ಮೊದ್ಲೆಲ್ಲಾ ಎಷ್ಟು ಚೆಂದ ಬಿಡಿಸಿ ಹೇಳ್ತಿದ್ಯಲ್ಲಾ."

ಓದಿದ ತಮ್ಮನನ್ನೂ ಕಳೆದುಕೊಂಡೆನೋ ಎಂಬ ಭಯ ಆ ದನಿಯಲ್ಲಿತ್ತು. ಅವಳ ಬೆರಳು ಹೋಗಿದೆ, ಹಳ್ಳ ಹೋಗಿದೆ; ಇನ್ನು ಇದನ್ನೂ ಕಿತ್ತುಕೊಳ್ಳಲೇ? ನನ್ನ ಕರುಳು ಚುರ್ ಎಂದಿತು. ಕರುಳೋ ನಾಲಿಗೆಯೋ, ನಿಜವಾಗಿ ಹೇಳಲಾರೆ.

"ಸಿಟ್ಟೆಲ್ಲಿಯದು ಅಕ್ಕಾ" ಎಂದೆ. ಒಳಗೆ ಒಮ್ಮೆ ಇಣುಕಿ ನೋಡಿ ದನಿ ತಗ್ಗಿಸಿದೆ. "ನೋಡು, ಡಾಕ್ಟರ ಔಷಧ ಮಾತ್ರ ಬಿಡಬೇಡ. ಅದರ ಜೊತೆಗೆ, ಮೆಂತೆಕಾಳು ಅಂತ ಇದೆಯಲ್ಲ, ಅದನ್ನು ರಾತ್ರಿ ನೀರಿನಲ್ಲಿ..."

ಸುಲೋಚನಾ ಬಂದು ಫೋನು ಕಿತ್ತುಕೊಂಡಳು.