ಗಿರಿಜಾಳ ಕಾರು, ನನ್ನ ಪಾನಾ

ಧೈರ್ಯವಂತರನ್ನು ಮದುವೆಯಾದವರ ಪಾಲಿಗೆ ಇಡೀ ಮನೆಯ ಅಂಜಿಕೆ ಬರುತ್ತದೆ. ನಾನು ಹುಕ್ಕೇರಿಯ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ. ಗುಡುಗಿದರೆ ಮಕ್ಕಳಿಗಿಂತ ಮೊದಲು ಕಿಟಕಿ ಮುಚ್ಚುವವನು. ಹೆಂಡತಿ ಗಿರಿಜಾ ಅದೇ ಊರಿನಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುತ್ತಾಳೆ. ವಾರವಿಡೀ ಮಂದಿಗೆ 'ಸಾವಕಾಶ, ಸಾವಕಾಶ' ಎಂದು ಕಲಿಸುವವಳು ರವಿವಾರ ಬಂತೆಂದರೆ ತನ್ನ ಹಳೆಯ ಕಾರನ್ನು ಮಣ್ಣಿನ ರೇಸಿಗೆ ಒಯ್ಯುತ್ತಾಳೆ. ಒಬ್ಬೊಬ್ಬರಾಗಿ, ಬೇರೆ ಬೇರೆ ಪಾಳಿಯಲ್ಲಿ ಎರಡು ಸುತ್ತು ಓಡಿಸಬೇಕು. ಎರಡರಲ್ಲಿ ಯಾವುದಾದರೂ ಒಂದು ಸುತ್ತಿನಲ್ಲಿ ಯಾರ ವೇಳೆ ಎಲ್ಲರಿಗಿಂತ ಕಡಿಮೆಯೋ ಅವರು ಗೆದ್ದಂತೆ.

ಕಲ್ಲು-ತಗ್ಗುಗಳಲ್ಲಿ ಹಾರಿ ಬಂದ ಕಾರಿನ ಬೋಲ್ಟುಗಳು ಸಡಿಲಾಗುತ್ತವೆ. ಅವನ್ನು ನೋಡುವ ಕೆಲಸ ನನಗೆ ಬಿತ್ತು. "ಗ್ಯಾಸ್ ಬಂದ್ ಮಾಡೇನೋ ಇಲ್ಲೋ ಅಂತ ಗೋಕಾಕದಿಂದ ಹೊಳ್ಳಿ ಬಂದವರು ನೀವು. ಈ ಕೆಲಸಕ್ಕ ನಿಮ್ಮಂಥವರ ಬೇಕ್ರಿ" ಅಂದಳು ಗಿರಿಜಾ. ನಾನು ಅದನ್ನು ಹೊಗಳಿಕೆಯೆಂದೇ ತಿಳಿದೆ. ರೇಸಿನ ಹಿಂದಿನ ದಿನ ನಮ್ಮ ಮೆಕ್ಯಾನಿಕ್ ಈರಪ್ಪ ಕಾಕಾ ಎಲ್ಲ ಬೋಲ್ಟು ಬಿಗಿದು, ಪ್ರತಿಯೊಂದರ ತಲೆಯಿಂದ ಪಕ್ಕದ ಕಬ್ಬಿಣದವರೆಗೆ ಬಿಳಿ ಬಣ್ಣದ ಗೆರೆ ಎಳೆಯುತ್ತಾರೆ. ಗೆರೆ ಮುರಿದಿದ್ದರೆ ಬೋಲ್ಟು ತಿರುಗಿದೆ ಎಂದರ್ಥ. ನಾನು ಗೆರೆ ನೋಡಿದರೆ ಸಾಕು.

ಆದರೆ ಅಂಜುವವನಿಗೆ ನೋಡಿದರೆ ಸಾಕಾಗುತ್ತದೆಯೆ? ಹೋದ ವರ್ಷ ಮೂಡಲಗಿಯಾಚೆಯ ಬಯಲಿನಲ್ಲಿ ರೇಸಿತ್ತು. ಬೆಳಿಗ್ಗೆ ಗೆರೆಗಳೆಲ್ಲ ನೆಟ್ಟಗಿದ್ದವು. ಆದರೂ ಮನಸ್ಸು ಒಪ್ಪಲಿಲ್ಲ. ಬೋಲ್ಟು ತಿರುವುವ ಪಾನಾ ಹಿಡಿದು ಕಾರಿನ ಕೆಳಗೆ ಅಂಗಾತ ಮಲಗಿ, ಒಂದೊಂದು ಬೋಲ್ಟನ್ನೂ ಸಮಾಧಾನಕ್ಕೆಂದು ಇನ್ನಷ್ಟು ಬಿಗಿಯಲು ನೋಡಿದೆ. ಉಳಿದವು ಅಲುಗಲಿಲ್ಲ, ಒಂದು ಮಾತ್ರ ತುಸು ತಿರುಗಿತು; ಬಿಗಿಯಾಯಿತೆಂದು ಸಮಾಧಾನಪಟ್ಟೆ.

ಮೊದಲ ಸುತ್ತಿನಲ್ಲಿ ಗಿರಿಜಾಳ ವೇಳೆ ಎಲ್ಲರಿಗಿಂತ ಕಡಿಮೆ. ಮಂದಿ ಸಿಳ್ಳೆ ಹಾಕಿದರು. ಎರಡನೆಯ ಸುತ್ತಿಗೆ ಅವಳು ಬೆಲ್ಟು ಬಿಗಿದುಕೊಂಡು ಸಾಲಿನಲ್ಲಿ ನಿಂತಾಗ ನಾನು ಬಗ್ಗಿ ನೋಡಿದೆ. ಮುಂದಿನ ಎಡಬದಿಯ ಗಾಲಿಯ ಬ್ರೇಕಿನ ಬೋಲ್ಟಿನ ಗೆರೆ ಮುರಿದಿತ್ತು. ಅಷ್ಟರಲ್ಲಿ ಅವಳ ಹೆಸರು ಕರೆದರು. ಕೂಗಿದೆ, ಎಂಜಿನ್ನಿನ ಸದ್ದಿನಲ್ಲಿ ಕೇಳಲಿಲ್ಲ. ಜನ್ಮದಲ್ಲಿ ಮೊದಲ ಸಲ ನಾನು ಕಾರಿಗೆ ಅಡ್ಡ ನಿಂತೆ.

"ಏನ್ರಿ ಇದು! ಸರೀರಿ ಬಾಜೂಕ! ನನ್ನ ಪಾಳಿ ಹೊಕ್ಕೈತಿ!"

"ಹೋದ್ರ ಹೋಗ್ಲಿ. ಬ್ರೇಕಿನ ಬೋಲ್ಟ ಸಡ್ಲಾಗೇತಿ, ಇಳಿ ಕೆಳಗ!"

ಅವಳ ಮೇಲೆ ನಾನು ಹಾಗೆ ದನಿಯೇರಿಸಿದ್ದು ಅದೇ ಮೊದಲು. ಅವಳು ಇಳಿದಳು. ಕಾಕಾ ಕೈ ಹಾಕಿದರೆ ಬೋಲ್ಟು ಪಾನಾ ಇಲ್ಲದೆ ಬೆರಳಿಗೇ ತಿರುಗಿತು. ಇನ್ನೊಂದು ಸುತ್ತು ಹೋಗಿದ್ದರೆ ತಿರುವಿನಲ್ಲಿ ಬ್ರೇಕು ಹಿಡಿಯುತ್ತಿರಲಿಲ್ಲ. ತಿರುವಿನಾಚೆ ಕಲ್ಲಿನ ಒಡ್ಡು. ಪಾಳಿ ಹೋಯಿತು, ಬೇರೊಬ್ಬರು ಅವಳ ವೇಳೆಯನ್ನು ಮುರಿದು ಗೆದ್ದರು. ಗಿರಿಜಾ ಎಲ್ಲರೆದುರು, "ನಮ್ಮ ಮನಿಯವರ ಅಂಜಿಕಿ ಇವತ್ತ ನನ್ನ ಜೀವ ಉಳಿಸೇತಿ" ಅಂದಳು. ಎದೆ ಉಬ್ಬಿಸಬೇಕು ಎನ್ನುವಷ್ಟರಲ್ಲಿ ಕಾಕಾ ನನ್ನನ್ನು ಪಕ್ಕಕ್ಕೆ ಕರೆದರು.

"ಮಾಸ್ತರ, ಇದು ತಾನ ಸಡ್ಲಾಗಿದ್ದಲ್ರಿ. ಈ ಬೋಲ್ಟಿನ ತಲಿ ಆ ಕಡೆ ಮಾರಿ ಮಾಡೇತಿ. ಮಲಗಿ ಬಿಗಿಯಾಕ ಹೋದವರಿಗೆ ಉಲ್ಟಾ ಆಗಿ ಬಿಚ್ಚತೈತಿ. ಮುಂಜಾನಿ ಪಾನಾ ಯಾರ ಕೈಯಾಗಿತ್ತು?"

ಕೇಳಿದವರೇ ಕಾಕಾ ಬೋಲ್ಟು ಬಿಗಿಯಲು ಹೊರಟರು. ನನ್ನ ಮುಖವೇ ಹೇಳಿರಬೇಕು.

ಹುಕ್ಕೇರಿಯ ದಾರಿಯುದ್ದಕ್ಕೂ ಗಿರಿಜಾ ನನಗೆ ಕಬ್ಬಿನ ಹಾಲು ಕುಡಿಸಿದಳು, ಮಿರ್ಚಿ ತಿನ್ನಿಸಿದಳು. ಘಟಪ್ರಭಾ ದಾಟಿದ ಮೇಲೆ ತಡೆಯಲಾರದೆ ಹೇಳಿಬಿಟ್ಟೆ. ಗಿರಿಜಾ ಕಾರನ್ನು ಬದಿಗೆ ನಿಲ್ಲಿಸಿ, ನನ್ನ ಚೀಲದಿಂದ ಪಾನಾ ತೆಗೆದು ತನ್ನ ಸೀಟಿನ ಕೆಳಗಿಟ್ಟುಕೊಂಡಳು. ಬೈದಿದ್ದರೆ ಹಗುರಾಗುತ್ತಿತ್ತು. ಕಡೆಗೆ ಅಂದಳು: "ಇನ್ನ ಮುಂದ ಪಾನಾ ಕಾಕಾನ ಕೈಯಾಗಿರ್ಲಿ. ನೀವು ಬರೇ ಅಂಜ್ರಿ."

ಅಂದಿನಿಂದ ರೇಸಿನ ಬಯಲಿನಲ್ಲಿ ನಾನು ಎರಡೂ ಕೈ ಹಿಂದೆ ಕಟ್ಟಿಕೊಂಡು ನಿಂತು ಅಂಜುತ್ತಿದ್ದೇನೆ. ಈ ಕೆಲಸದಲ್ಲಿ ಇದುವರೆಗೆ ಯಾರೂ ತಪ್ಪು ಹುಡುಕಿಲ್ಲ.